ಹದಿನೇಳನೇ ನಂಬರಿನ ಸನ್ನದ ಪಾತ್ರೆ

ಮೊನ್ನೆ ಶನಿವಾರ ಬೆಳಿಗ್ಗೆ ಕಾರ್ಮಿನ್ ಬಾಯಿ ತಮ್ಮ ತಾಮ್ರದ ಪಾತ್ರೆಯನ್ನು ಸೊಂಟಕ್ಕೆ ಒತ್ತಿಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಅವರ ಮನೆಯ ಗ್ಯಾಸು ಮುಗಿದಿತ್ತು. ಬೆಳಗೋಡಿನ ಕಡೆ ಒಂದು ಮಗುವಿನ ದೀಕ್ಷಾಸ್ನಾನದ ಊಟಕ್ಕೆ ನೂರ ಇಪ್ಪತ್ತು ಸನ್ನ ಹನ್ನೊಂದು ಗಂಟೆಯೊಳಗೆ ಆಗಬೇಕಿತ್ತು. ಸನ್ನ ಎಂದರೆ ನಿಮಗೆ ಗೊತ್ತಿರಬಹುದು, ನಮ್ಮ ಕ್ರೈಸ್ತರ ಮನೆಗಳ ಇಡ್ಲಿ. ಇಡ್ಲಿಗಿಂತ ತುಸು ಉಬ್ಬು, ತುಸು ಸಿಹಿ, ತುಸು ಜಂಬ. ನಾನು ಒಲೆ ಹೊತ್ತಿಸಿದೆ, ಅವರು ಪಾತ್ರೆ ಏರಿಸಿದರು. ಹುದುಗಿದ ಹಿಟ್ಟಿನ ಹುಳಿವಾಸನೆ ಹಬೆಯ ಜೊತೆ ಅಡುಗೆಮನೆಯನ್ನೆಲ್ಲ ತುಂಬಿತು. ಸ್ವಲ್ಪ ಹೊತ್ತಿಗೆ ಪಾತ್ರೆಯ ಕಿವಿಯಿಂದ ಟಿಣ್, ಟಿಣ್, ಟಿಣ್ ಎಂದು ಸದ್ದು ಶುರುವಾಯಿತು.

"ಹಬೆ ತುಂಬ್ತು ಕಣ್ರೀ ರೈಟ್ರಮ್ಮ, ಗಡಿಯಾರ ನೋಡ್ಕಳಿ," ಎಂದರು ಕಾರ್ಮಿನ್ ಬಾಯಿ.

ಸದ್ದು ಮಾಡುತ್ತಿದ್ದುದು ಪಾತ್ರೆಯ ಕಿವಿಗೆ ತಂತಿಯಲ್ಲಿ ಕಟ್ಟಿದ ಒಂದು ತಗಡಿನ ಬಿಲ್ಲೆ. ಅದರ ಮೇಲೆ ಹದಿನೇಳು ಎಂದು ಕೊರೆದಿದೆ. ನಮ್ಮ ಯಜಮಾನರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಕಾಲದಲ್ಲಿ ಹಣ್ಣು ಕೊಯ್ಯುವವರ ಚೀಲಗಳಿಗೆ ಕಟ್ಟುತ್ತಿದ್ದ ಬಿಲ್ಲೆ ಅದು. ಕೆಲಸ ಬಿಟ್ಟಾಗ ಸವೆದು ಬೇಡವಾದ ಒಂದು ಡಬ್ಬಿ ಬಿಲ್ಲೆಗಳನ್ನು ಅವರು ಮನೆಗೆ ತಂದಿದ್ದರು. ಯಾಕೆ ತಂದಿರಿ ಎಂದು ಕೇಳಿದ್ದಕ್ಕೆ, ಎಂದಾದರೂ ಉಪಯೋಗಕ್ಕೆ ಬರುತ್ತದೆ ಎಂದಿದ್ದರು. ಬಂತು. ಈ ಹದಿನೇಳನೇ ಬಿಲ್ಲೆಯನ್ನು ಆ ಪಾತ್ರೆಗೆ ಕಟ್ಟಿದ ಕೈ ನನ್ನದೇ. ಅದು ಸದ್ದು ಮಾಡಿದಾಗಲೆಲ್ಲ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅದನ್ನು ಹೇಳಬೇಕಾದರೆ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಫ್ಯಾನಿನಿಂದ ಶುರು ಮಾಡಬೇಕು.

ನಮ್ಮದು ಸಣ್ಣ ಇಗರ್ಜಿ. ಸಕಲೇಶಪುರಕ್ಕೂ ಆಲೂರಿಗೂ ನಡುವೆ, ಕಾಫಿತೋಟಗಳ ಮಗ್ಗುಲಲ್ಲಿ, ಶೀಟಿನ ಮಾಡು ಹೊದ್ದು ಕೂತಿದೆ. ಆದರೆ ಓದಲು ತಿಳಿದವರಿಗೆ ಅದೊಂದು ವಾಚನಾಲಯ. ಒಳಗಿರುವ ಪ್ರತಿ ವಸ್ತುವಿನ ಮೇಲೂ ಯಾರೋ ಒಬ್ಬರ ಹೆಸರಿದೆ. ಬೆಂಚಿನ ಬೆನ್ನ ಮೇಲೆ ಕೊಟ್ಟವರ ಹೆಸರು, ಗೋಡೆಗಡಿಯಾರದ ಹೊಟ್ಟೆಯ ಮೇಲೆ ಹೆಸರು, ಕಂಬದ ಮೇಲೆ ಹೆಸರು, ತೀರ್ಥದ ತೊಟ್ಟಿಗೆ ಹೆಸರು, ಚಪ್ಪಲಿ ಸ್ಟ್ಯಾಂಡಿಗೆ ಇಬ್ಬರು ಅಣ್ಣತಮ್ಮಂದಿರ ಹೆಸರು. ಫಾದರ್ ಪ್ರಸಂಗ ಉದ್ದ ಎಳೆದ ದಿನ ನಾನು ಬೆಂಚುಗಳನ್ನು ಓದುತ್ತಾ ಕೂರುತ್ತೇನೆ. ದೇವರು ಕ್ಷಮಿಸಲಿ, ಎಷ್ಟೋ ಸಲ ಪ್ರಸಂಗಕ್ಕಿಂತ ಬೆಂಚೇ ಹೆಚ್ಚು ವಿಷಯ ಹೇಳುತ್ತದೆ. ಯಾರ ಮನೆಯಲ್ಲಿ ಯಾವಾಗ ಕಾಫಿಗೆ ಒಳ್ಳೆ ರೇಟು ಬಂತು, ಯಾವ ಆಸ್ತಿ ಭಾಗವಾದ ಮೇಲೆ ಅಣ್ಣ ಒಂದು ಬೆಂಚು, ತಮ್ಮ ಒಂದು ಬೆಂಚು ಕೊಟ್ಟರು, ಎಲ್ಲ ಅಲ್ಲಿದೆ.

ನಮ್ಮ ಮನೆಯದು ಒಂದು ಫ್ಯಾನು. ನಮ್ಮ ಮಾವ ತೀರಿಕೊಂಡ ವರ್ಷ ಅತ್ತೆ ಕೊಡಿಸಿದ್ದು. ಮೂರು ರೆಕ್ಕೆಗಳ ಮೇಲೆ ಕೆಂಪು ಬಣ್ಣದಲ್ಲಿ ಮೂರು ಪದ ಬರೆಸಿದರು. ಒಂದರಲ್ಲಿ 'ದಿವಂಗತ', ಒಂದರಲ್ಲಿ 'ಪಾಸ್ಕಲರ', ಒಂದರಲ್ಲಿ 'ಸ್ಮರಣಾರ್ಥ'. ಬರೆಸುವಾಗ ಯಾರಿಗೂ ಹೊಳೆಯದ ಒಂದು ಸಂಗತಿ ಆಮೇಲೆ ಹೊಳೆಯಿತು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲ. ಹೆಸರು ಕಾಣಬೇಕೆಂದರೆ ಫ್ಯಾನು ತಿರುಗಬಾರದು. ಅತ್ತೆ ಇದಕ್ಕೊಂದು ಮಧ್ಯದ ದಾರಿ ಕಂಡುಕೊಂಡರು. ರೆಗ್ಯುಲೇಟರು ಒಂದರಲ್ಲಿ ಇಟ್ಟರೆ ರೆಕ್ಕೆಗಳು ಮಗುವಿನ ತೊಟ್ಟಿಲ ಹಾಗೆ ಮೆಲ್ಲಗೆ ಹೋಗುತ್ತವೆ, ಕಣ್ಣು ಚುರುಕಿದ್ದವರು ಓದಿಕೊಳ್ಳಬಹುದು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಶೀಟಿನ ಕೆಳಗೆ ಬೆಂದು ಹೋಗುತ್ತಿದ್ದ ಜನ ಯಾರಾದರೂ ಎದ್ದು ರೆಗ್ಯುಲೇಟರು ತಿರುಗಿಸಿದರೆ, ಅತ್ತೆ ಜಪಸರ ಹಿಡಿದುಕೊಂಡೇ ಎದ್ದು ಹೋಗಿ ಮತ್ತೆ ಒಂದಕ್ಕೆ ತಂದು ಬರುತ್ತಿದ್ದರು. ಅತ್ತೆ ಹೋದ ಮೇಲೆ ಆ ಕೆಲಸ ನನಗೆ ಬಂತು. ಒಡವೆ ಬಂದ ಹಾಗೆ ಬಂತು, ನಾನೂ ಬಿಡಲಿಲ್ಲ.

ಇಂಥ ಇಗರ್ಜಿ ನಡೆಯಬೇಕಾದರೆ ದುಡ್ಡು ಬೇಕಲ್ಲ. ನಮ್ಮ ಫಾದರ್ ಒಳ್ಳೆಯವರು, ಆದರೆ ಅವರ ನಿಲುವಂಗಿಯ ಜೇಬಿನಿಂದ ಯಾವಾಗ ರಸೀದಿ ಪುಸ್ತಕ ಹೊರಬರುತ್ತದೆ ಎಂದು ಹೇಳಲಾಗದು. ರೋಗಿಗಳನ್ನು ನೋಡಲು ಬಂದವರು ಪ್ರಾರ್ಥನೆ ಮುಗಿಸಿ, "ಹುಷಾರಾಗಿ," ಎಂದು ಹೇಳಿ, ಬಾಗಿಲ ಬಳಿ ಹೋಗಿ, "ಅಂದ ಹಾಗೆ..." ಎಂದು ತಿರುಗಿದರೆ ರೋಗಿಯೂ ಎದ್ದು ಕೂರುತ್ತಾನೆ. ಕ್ರಿಸ್ಮಸ್ಸಿಗೆ ಕೇಕಿನ ಮಾರಾಟ, ಹೊಸವರ್ಷಕ್ಕೆ ಹೌಸಿ ಎಂಬ ನಂಬರಾಟ, ಈಸ್ಟರಿಗೆ ಲಾಟರಿ ಟಿಕೆಟು. ಒಂದು ವರ್ಷ ಲಾಟರಿಗೆ ಮೊದಲ ಬಹುಮಾನ ಮೂರು ಜಾರಿನ ಮಿಕ್ಸಿ. ನಮ್ಮ ಮನೆಯ ಮಿಕ್ಸಿ ಅಷ್ಟರಲ್ಲಾಗಲೇ ಮುದಿಯಾಗಿ, ಮುಚ್ಚಳವನ್ನು ಕೈಯಿಂದ ಒತ್ತಿ ಹಿಡಿಯದಿದ್ದರೆ ಚಟ್ನಿಯನ್ನು ಗೋಡೆಗೆ ಬಡಿಸುತ್ತಿತ್ತು. ನಾನು ಟಿಕೆಟು ಕೊಂಡಿದ್ದಲ್ಲದೆ ಆ ವಾರವೆಲ್ಲ ಜಪಸರ ಮಾಡಿದೆ. ಎರಡನೇ ಸುತ್ತಿಗೆ ಬರುವಷ್ಟರಲ್ಲಿ ಜಾರಿಗೆ ಯಾವ ಬಣ್ಣದ ಮುಚ್ಚಳ ಇದ್ದರೆ ಚೆಂದ ಎಂದು ಯೋಚಿಸುತ್ತಿದ್ದೆ. ನನಗೆ ಬಂದದ್ದು ಸಮಾಧಾನಕರ ಬಹುಮಾನ, ಒಂದು ಸೋಪಿನ ಪೆಟ್ಟಿಗೆ. ದೇವಮಾತೆಗೆ ನನ್ನ ಮನಸ್ಸು ಚೆನ್ನಾಗಿಯೇ ಕಂಡಿತ್ತು ಎಂದುಕೊಂಡೆ.

ಇವೆಲ್ಲಕ್ಕಿಂತ ಹಳೆಯದು ತೆನೆಹಬ್ಬದ ಏಲಂ. ಸೆಪ್ಟೆಂಬರಿನಲ್ಲಿ ಮಾತೆಯ ಹುಟ್ಟುಹಬ್ಬಕ್ಕೆ ಹೊಸ ಭತ್ತದ ತೆನೆಗೆ ಆಶೀರ್ವಾದ ಮಾಡಿ ಮನೆಗೊಂದರಂತೆ ಹಂಚುತ್ತಾರೆ. ಅಂದು ಪ್ರತಿಯೊಬ್ಬರೂ ತಮ್ಮ ಹಿತ್ತಲಲ್ಲಿ ಬೆಳೆದದ್ದನ್ನು ತಂದು ಇಗರ್ಜಿಯ ಮೊಗಸಾಲೆಯ ಉದ್ದ ಮೇಜಿನ ಮೇಲೆ ಇಡುತ್ತಾರೆ. ಆ ದಿನ ಆ ಮೇಜಿನ ಮೇಲೆ ಇಟ್ಟದ್ದೆಲ್ಲ ದೇವರದ್ದು. ಪೂಜೆ ಮುಗಿದ ಮೇಲೆ ಏಲಂ. ಕೊಂಡವರು ದುಡ್ಡು ಕೊಟ್ಟು, "ತಿರುಗಿ ದೇವರಿಗೆ," ಎಂದರೆ ಅದೇ ವಸ್ತು ಮತ್ತೆ ಏಲಂಗೆ ಬರುತ್ತದೆ. ಹೀಗೆ ಒಂದು ಸೌತೆಕಾಯಿ ಐದು ಸಲ ಮಾರಾಟವಾದದ್ದನ್ನು ನಾನು ಕಂಡಿದ್ದೇನೆ. ಕೊನೆಗೆ ಯಾರದೋ ಮನೆಗೆ ಹೋಗುವಷ್ಟರಲ್ಲಿ ಅದು ಕೈಯಿಂದ ಕೈಗೆ ದಾಟಿ ಮೆತ್ತಗಾಗಿತ್ತು.

ಕಾರ್ಮಿನ್ ಬಾಯಿ ಪ್ರತಿ ವರ್ಷ ಒಂದು ಕುಂಬಳಕಾಯಿ ತರುತ್ತಿದ್ದರು. ಅವರಿದ್ದ ಎಸ್ಟೇಟಿನ ಕೂಲಿ ಲೈನಿನ ಹಿಂದೆ ಒಂದು ಚೂರು ಜಾಗ, ಅಲ್ಲಿ ಒಂದು ಬಳ್ಳಿ. ಗಂಡ ಎಸ್ಟೇಟಿನಲ್ಲಿ ಕೆಲಸಕ್ಕಿದ್ದವನು ಬೇಗ ತೀರಿಕೊಂಡಿದ್ದ. ಅವರು ಸನ್ನ ಬೇಯಿಸಿ ಮಾರಿ ಎರಡು ಹೆಣ್ಣುಮಕ್ಕಳ ಮದುವೆ ಮಾಡಿದರು. ನುಣ್ಣಗಿರುತ್ತಿದ್ದ ಆ ಸನ್ನಗಳಿಲ್ಲದೆ ನಮ್ಮ ಕಡೆ ಮದುವೆಯೂ ಇಲ್ಲ, ಸತ್ತವರ ಏಳನೇ ದಿನದ ಊಟವೂ ಇಲ್ಲ.

ಆ ವರ್ಷ ಇಗರ್ಜಿಗೆ ಹೊಸ ಮೈಕ್ ಸೆಟ್ ಬೇಕೆಂದು ತೀರ್ಮಾನವಾಯಿತು. ಹಳೆಯದರಲ್ಲಿ ಫಾದರ್ ಏನು ಹೇಳಿದರೂ ನೀರೊಳಗಿಂದ ಹೇಳಿದ ಹಾಗೆ ಕೇಳುತ್ತಿತ್ತು. ಸ್ತ್ರೀ ಸಂಘದ ಸಭೆಯಲ್ಲಿ ಏಲಂ ಮೇಜಿನ ಜವಾಬ್ದಾರಿ ನನಗೆ ಬಂತು. ಜವಾಬ್ದಾರಿ ಬಂದ ಕೂಡಲೇ ನನಗೆ ಬುದ್ಧಿಯೂ ಬಂದುಬಿಟ್ಟಿತು. ಸೌತೆಕಾಯಿ, ಬಸಳೆ, ಕುಂಬಳಕಾಯಿಗಳಿಗೆ ಈಗ ಕೂಗುವವರಿಲ್ಲ, ಜನಕ್ಕೆ ಕುಕ್ಕರು ಬೇಕು, ಡಿನ್ನರ್ ಸೆಟ್ಟು ಬೇಕು, ಹೊದಿಕೆ ಬೇಕು ಎಂದು ನಾನೇ ಎದ್ದು ಹೇಳಿದೆ. ನಾನೇ ಕಾಗದ ತೆಗೆದುಕೊಂಡು ಬರೆದೆ: 'ಈ ಸಲ ತರಕಾರಿಯ ಬದಲು ಉಪಯುಕ್ತ ಹಾಗೂ ಬೆಲೆಬಾಳುವ ವಸ್ತುಗಳನ್ನು ದೇವರಿಗೆ ಅರ್ಪಿಸಬೇಕಾಗಿ ವಿನಂತಿ.' ದೇವರಿಗೆ ತರಕಾರಿ ಬೇಡ, ಕುಕ್ಕರ್ ಬೇಕು ಎಂದು ನನಗೆ ಯಾರು ಹೇಳಿದರೋ ಕಾಣೆ. ಬರೆದದ್ದನ್ನು ಎರಡು ಸಲ ಓದಿ, ಕಾಗುಣಿತ ಸರಿಯಿದೆ ಎಂದು ಸಂತೋಷಪಟ್ಟು, ಬೋರ್ಡಿಗೆ ಅಂಟಿಸಿ ಬಂದೆ.

ಹಬ್ಬದ ದಿನ ಜಿಟಿಜಿಟಿ ಮಳೆ. ಮೊಗಸಾಲೆಯ ನೆಲವೆಲ್ಲ ಕೆಸರಿನ ಹೆಜ್ಜೆ. ನಾನು ಬಿಲ್ಲೆಗಳ ಡಬ್ಬಿ ಹಿಡಿದು ಮೇಜಿನ ಬಳಿ ನಿಂತು ಒಂದೊಂದಕ್ಕೂ ನಂಬರು ಕಟ್ಟುತ್ತಿದ್ದೆ. ಕಾರ್ಮಿನ್ ಬಾಯಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ತಾಮ್ರದ ಪಾತ್ರೆ ಹಿಡಿದು ಬಂದರು. ಕುಂಬಳಕಾಯಿ ಇರಲಿಲ್ಲ. ಪಾತ್ರೆ ಹೊಳೆಯುತ್ತಿತ್ತು, ಒಳಗೆ ಹೊಸ ಕಲಾಯಿಯ ಬೆಳ್ಳಿಬಣ್ಣ. ಅದನ್ನು ಮೇಜಿನ ತುದಿಯಲ್ಲಿ ಇಟ್ಟು, ನನ್ನನ್ನು ನೋಡಿ ನಕ್ಕು, ಮಂಡಿಯೂರಲು ಒಳಗೆ ಹೋದರು. ನನ್ನ ಕಣ್ಣು ಒದ್ದೆಯಾಯಿತು. ನನ್ನ ಕಾಗದ ಓದಿ ಈ ಹೆಂಗಸು ಇದ್ದ ಒಂದೇ ಬೆಲೆಬಾಳುವ ವಸ್ತುವನ್ನು ತಂದಿದ್ದಾರಲ್ಲ ಎಂದುಕೊಂಡೆ. ಹದಿನೇಳನೇ ಬಿಲ್ಲೆಯನ್ನು ತಂತಿ ಮೂರು ಸುತ್ತು ಸುತ್ತಿ ಬಿಗಿಯಾಗಿ ಕಟ್ಟಿದೆ.

ಏಲಂ ಕೂಗುವವನು ಸಿರಿಲ್. ಆಲೂರು ಬಸ್ ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿ ಇಟ್ಟವನು, ಬಾಯಿ ಕಟ್ಟಿದರೆ ಕೈಯಲ್ಲಿ ಮಾರುವವನು. ಹದಿನೇಳನೇ ನಂಬರು ಬಂದಾಗ ನಾನೇ ಮುಂದೆ ಹೋಗಿ ಮೈಕು ಕೇಳಿದೆ. "ನಮ್ಮ ಕಾರ್ಮಿನ್ ಬಾಯಿಯವರು ತಮ್ಮ ತಾಯಿಯ ಕಾಲದ ಪಾತ್ರೆಯನ್ನೇ ದೇವರಿಗೆ ಕೊಟ್ಟಿದ್ದಾರೆ," ಎಂದೆ. ಫಾದರ್ ಎದ್ದು ನಿಂತು, ಮಿಕ್ಕದ್ದನ್ನು ಕೊಡುವವರು ಬೇರೆ, ಇರುವುದನ್ನೇ ಕೊಡುವವರು ಬೇರೆ ಎಂದು ಎರಡು ಮಾತು ಸೇರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಮಿನ್ ಬಾಯಿ ಅರ್ಧ ಎದ್ದರು, ಬಾಯಿ ತೆರೆದರು, ಸುತ್ತ ನೋಡಿದರು, ಮತ್ತೆ ಕೂತರು. ಎಂಥಾ ಸಂಕೋಚದ ಜೀವ ಎಂದುಕೊಂಡೆ ನಾನು.

ಪಾತ್ರೆಯನ್ನು ಕೊಂಡವರು ಹಿಲ್ಡಾ ಮೇಡಂ. ಕೆ. ಹೊಸಕೋಟೆ ಕಡೆ ದೊಡ್ಡ ತೋಟದ ಒಡತಿ. ಆರು ಸಾವಿರಕ್ಕೆ ಹೋಯಿತು. ನಾನು ಅಂದು ರಾತ್ರಿಯ ಪ್ರಾರ್ಥನೆಯಲ್ಲಿ ದೇವರಿಗೆ ವಂದನೆ ಹೇಳುವ ನೆಪದಲ್ಲಿ ನನ್ನನ್ನೇ ಸಾಕಷ್ಟು ಹೊಗಳಿಕೊಂಡೆ.

ಮೂರು ದಿನ ಬಿಟ್ಟು ಭಾನುವಾರಕ್ಕೆ ಇಪ್ಪತ್ತು ಸನ್ನ ಹೇಳಿಬರಲು ಕಾರ್ಮಿನ್ ಬಾಯಿಯ ಮನೆಗೆ ಹೋದೆ. ಅವರು ಅಂಗಳದಲ್ಲಿ ಒಂದು ಅಲ್ಯೂಮಿನಿಯಂ ಡಬರಿಯ ಮುಂದೆ ಕೂತಿದ್ದರು. ತಟ್ಟೆಯಲ್ಲಿ ಸನ್ನಗಳು ನೀರು ಕುಡಿದು ಚಪ್ಪಟೆಯಾಗಿ ಅಂಟಿಕೊಂಡಿದ್ದವು.

"ಸನ್ನ ಎಲ್ಲಿಂದ ತರ್ಲಿ ರೈಟ್ರಮ್ಮ? ಪಾತ್ರೆನ ನೀವೇ ಏಲಂ ಹಾಕ್ಬುಟ್ರಲ್ಲ."

ನನಗೆ ಅರ್ಥವಾಗಲಿಲ್ಲ. "ನೀವೇ ಕೊಟ್ಟಿದ್ದಲ್ವಾ?" ಎಂದೆ.

"ಕಲಾಯಿಗೆ ಕೊಟ್ಟಿದ್ದೆ ಕಣ್ರೀ. ಅವತ್ತು ಬಸ್ಸಿಳಿದು ಕಲಾಯಿಯವನ ಹತ್ರ ಈಸ್ಕಂಡು ನೆಟ್ಟಗೆ ಪೂಜೆಗೆ ಬಂದೆ. ನೆಲ ಎಲ್ಲಾ ಕೆಸರು. ಪಾತ್ರೆ ಹಿಡ್ಕಂಡು ಒಳಗೆ ಹೋಗಕಾಯ್ತದಾ? ಮೇಜಿನ ಮ್ಯಾಲೆ ಮಡಗಿದೆ. ನೀವು ಅಲ್ಲೇ ನಿಂತಿದ್ರಲ್ಲ, ನೋಡ್ಕತೀರಾ ಅಂತ ನಕ್ಕಂಡು ಹೋದೆ."

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. "ಆಗಲೇ ಹೇಳಬಾರದಿತ್ತಾ?"

"ಹೆಂಗೆ ಹೇಳ್ಲಿ? ಮೈಕಲ್ಲಿ ಹೆಸರು ಕೂಗಿಬುಟ್ರಿ. ಫಾದರ್ ಎದ್ದು ನಿಂತವ್ರೆ. ಅಷ್ಟೂ ಜನ ಚಪ್ಪಾಳೆ ಹೊಡೀತಾವ್ರೆ. ಇಲ್ಲ ನಂದು ಪಾತ್ರೆ ನಂಗೆ ಕೊಡಿ ಅನ್ನಕಾಯ್ತದಾ?" ಅವರು ಡಬರಿಯ ಮುಚ್ಚಳ ತೆಗೆದು ತೋರಿಸಿದರು. "ಇದ್ರ ಮುಚ್ಚಳ ಚಪ್ಪಟೆ, ಹಬೆ ನೀರಾಗಿ ಸನ್ನದ ಮ್ಯಾಲೇ ತೊಟ್ಟಿಕ್ಕತದೆ. ಅಮ್ಮನ ಪಾತ್ರೆದು ಗುಮ್ಮಟದ ಮುಚ್ಚಳ, ನೀರು ಪಕ್ಕಕ್ಕೆ ಜಾರತಿತ್ತು. ಬರೋ ವಾರ ಕುಂದೂರಿನ ಮದುವೆಗೆ ಮುನ್ನೂರು ಸನ್ನ ಒಪ್ಕಂಡಿವ್ನಿ. ಇಂಥವನ್ನ ಕೊಟ್ರೆ ಇನ್ನು ಯಾರು ಕರೀತಾರೆ ನನ್ನ?"

"ನಾನು ಹೋಗಿ ಕೇಳಿ ತರ್ತೀನಿ," ಎಂದೆ.

"ಬ್ಯಾಡ. ಆ ಮೇಜಿನ ಮ್ಯಾಲೆ ಇಟ್ಟಿದ್ದು ದೇವ್ರದ್ದು. ಕೊಟ್ಟಿರಲಿಲ್ಲ ಅಂತ ಈಗ ಯಾರಿಗೂ ಹೇಳ್ಬ್ಯಾಡಿ, ನನ್ನಾಣೆ." ಆಮೇಲೆ ತಲೆ ತಗ್ಗಿಸಿ ಹೇಳಿದರು. "ನಲವತ್ತು ವರ್ಸ ಆ ಇಗರ್ಜಿ ಗುಡಿಸಿವ್ನಿ. ಅದ್ರೊಳಗೆ ನನ್ನ ಹೆಸರು ಕೇಳಿದ್ದು ಅದೇ ಮೊದ್ಲು."

ದಾರಿಯುದ್ದಕ್ಕೂ ನನಗೆ ಬೆಂಚುಗಳು, ಗಡಿಯಾರ, ಚಪ್ಪಲಿ ಸ್ಟ್ಯಾಂಡು ನೆನಪಾದವು. ಎಲ್ಲೂ ಕಾರ್ಮಿನ್ ಬಾಯಿಯ ಹೆಸರಿಲ್ಲ. ಪೊರಕೆಗೆ ಯಾರು ಹೆಸರು ಬರೆಸುತ್ತಾರೆ?

ಮರುದಿನವೇ ಹಿಲ್ಡಾ ಮೇಡಂ ಮನೆಗೆ ಹೋದೆ. ಸಿಟೌಟಿನಲ್ಲೇ ಪಾತ್ರೆ ಕೂತಿತ್ತು, ಹೊಟ್ಟೆ ತುಂಬ ಮಣ್ಣು, ಮಣ್ಣಿನಲ್ಲಿ ಮನಿ ಪ್ಲಾಂಟು. ಹದಿನೇಳನೇ ಬಿಲ್ಲೆ ಹಾಗೇ ತೂಗುತ್ತಿತ್ತು.

"ಬನ್ನಿ ಬನ್ನಿ, ಹೇಗಿದೆ ನಮ್ಮ ಆ್ಯಂಟಿಕ್?" ಎಂದರು ಮೇಡಂ. "ಆ ಟೋಕನ್ ಇದೆಯಲ್ಲ, ಅದೇ ಇದಕ್ಕೆ ಬ್ಯೂಟಿ. ನೀರು ನಿಲ್ತಿದೆ ಅಂತ ತಳಕ್ಕೆ ತೂತು ಹಾಕ್ಸೋಣ ಅಂತಿದ್ದೀನಿ. ಡ್ರಿಲ್ಲಿನವನು ನಾಳೆ ಬರ್ತಾನೆ."

ನನ್ನ ಹೊಟ್ಟೆಗೇ ಡ್ರಿಲ್ಲು ಇಟ್ಟ ಹಾಗಾಯಿತು. ನಿಜ ಹೇಳುವಂತಿಲ್ಲ, ಆಣೆಯಾಗಿದೆ. ಸುಳ್ಳು ಹೇಳಲು ಅಭ್ಯಾಸವಿಲ್ಲ, ಹಾಗೆಂದು ಸುಮ್ಮನಿರಲೂ ಆಗದು. "ಮೇಡಂ, ತೂತು ಹಾಕಿದರೆ ಆ್ಯಂಟಿಕ್ಕಿನ ಬೆಲೆ ಹೋಗಲ್ವಾ?" ಎಂದೆ.

ಅವರು ನನ್ನನ್ನು ಹೊಸದಾಗಿ ನೋಡಿದರು. "ನೀವೂ ಕಲೆಕ್ಟ್ ಮಾಡ್ತೀರಾ?"

"ಇಲ್ಲ ಮೇಡಂ, ನನ್ನ ಹತ್ರ ಇರೋ ಆ್ಯಂಟಿಕ್ ಅಂದ್ರೆ ಮಿಕ್ಸಿ ಒಂದೇ," ಎಂದೆ. ಕಾಫಿ ಬಂತು. ಕಾಫಿ ಕುಡಿಯುವಾಗ ದೇವರೇ ಒಂದು ದಾರಿ ತೋರಿಸಿದರು. "ಹೊಸ ಮೈಕ್ ಸೆಟ್ ಶನಿವಾರ ಬರುತ್ತೆ ಮೇಡಂ, ಆದರೆ ಅದರ ಬಾಕಿ ತೀರಿಸಲು ಇನ್ನೂ ಸ್ವಲ್ಪ ದುಡ್ಡು ಬೇಕಂತೆ. ಭಾನುವಾರ ಉಳಿದ ಸಾಮಾನುಗಳ ಏಲಂ ಇದೆ. ಯಾರಾದರೂ ಒಂದೊಳ್ಳೆ ವಸ್ತುವನ್ನು ತಿರುಗಿ ದೇವರಿಗೆ ಕೊಟ್ಟರೆ..."

ಮೇಡಂ ಪಾತ್ರೆಯನ್ನು ನೋಡಿದರು, ಗಿಡವನ್ನು ನೋಡಿದರು. "ಹೆಸರು ಹೇಳ್ತಾರಾ?"

"ಹೊಸ ಮೈಕಿನಲ್ಲಿ ಮೊದಲ ಹೆಸರೇ ನಿಮ್ಮದು."

ಅವರ ಮುಖ ಅರಳಿತು. ಆ ಕ್ಷಣದಲ್ಲಿ ಅದು ಕಾರ್ಮಿನ್ ಬಾಯಿಯ ಮುಖದ ಹಾಗೇ ಕಂಡಿತು. ಡ್ರಿಲ್ಲಿನವನಿಗೆ ಅಲ್ಲೇ ಫೋನ್ ಮಾಡಿ ಬರಬೇಡ ಎಂದರು.

ಮಿಕ್ಸಿಗೆಂದು ನಾನು ಅಕ್ಕಿ ಡಬ್ಬಿಯಲ್ಲಿ ಕೂಡಿಟ್ಟ ಐದು ಸಾವಿರದ ಚಿಲ್ಲರೆ ಇತ್ತು. ಅದರಲ್ಲಿ ಪಾತ್ರೆ ಬಿಡಿಸಿ, ಯಾರಿಗೂ ಹೇಳದೆ ಕಾರ್ಮಿನ್ ಬಾಯಿಯ ಜಗಲಿಯಲ್ಲಿ ಇಟ್ಟು ಬರುವುದು ನನ್ನ ಲೆಕ್ಕ. ಗುಟ್ಟೆಂದರೆ ಗುಟ್ಟು, ಯಜಮಾನರಿಗೂ ಹೇಳಲಿಲ್ಲ. ಆ ವಾರವೆಲ್ಲ ಮಾತ್ರ ಅಡುಗೆಮನೆಯಲ್ಲಿ, "ಆ ತಾಮ್ರದ ಪಾತ್ರೆ..." ಎಂದು ನಿಟ್ಟುಸಿರು ಬಿಟ್ಟಿದ್ದೆನಂತೆ. ನನಗೆ ಗೊತ್ತೇ ಆಗಿರಲಿಲ್ಲ.

ಭಾನುವಾರ ಮತ್ತೆ ಮಳೆ. ಏಲಂ ಇಗರ್ಜಿಯ ಪಕ್ಕದ ಸಭಾಭವನದ ಒಳಗೇ ನಡೆಯಿತು. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ನಡುವೆ ಒಬ್ಬ ದಾನಿಯ ಹೆಸರು ಹೊತ್ತ ದಪ್ಪ ಕಂಬ. ಹೊಸ ಮೈಕು ಗುಡುಗುವ ಹಾಗೆ ಕೆಲಸ ಮಾಡಿತು. ಹಿಲ್ಡಾ ಮೇಡಂ ಹೆಸರು ಎದುರಿನ ಗುಡ್ಡಕ್ಕೂ ಕೇಳಿರಬೇಕು. ಸಿರಿಲ್ ಪಾತ್ರೆ ಎತ್ತಿ ಹಿಡಿದ.

"ಒಂದು ಸಾವಿರ!" ಎಂದ. ನಾನು ಕೈ ಎತ್ತಿದೆ.

"ಗಂಡಸರ ಕಡೆಯಿಂದ ಒಂದೂವರೆ!" ಎಂದ ಸಿರಿಲ್.

ಕಂಬ ಅಡ್ಡವಿತ್ತು, ಯಾರೆಂದು ಕಾಣಲಿಲ್ಲ. ನಾನು ಎರಡು ಬೆರಳು ತೋರಿಸಿದೆ. ಆ ಕಡೆಯಿಂದ ಎರಡೂವರೆ. ಮೂರು, ಮೂರೂವರೆ. ನನಗೆ ಸಿಟ್ಟು ಬಂತು. ಯಾರಿವನು, ಮನೆಯಲ್ಲಿ ಪಾತ್ರೆ ಕಾಣದವನು? ಸಿರಿಲನ ಮುಖ ಮಾತ್ರ ಹಬ್ಬವಾಗಿತ್ತು. ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿ, "ಅಮ್ಮೋರು ಬಿಡಾಕಿಲ್ಲ, ಅಯ್ನೋರೂ ಬಿಡಾಕಿಲ್ಲ! ದೇವರ ಕೆಲ್ಸ ಕಣ್ರಪ್ಪೋ, ಜೋರಾಗ್ಲಿ!" ಎನ್ನುತ್ತಿದ್ದ. ಜನ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದ್ದರು. ಯಾಕೆಂದು ತಿಳಿಯದೆ ನಾನು ಐದು ಬೆರಳೂ ಎತ್ತಿದೆ. ನನ್ನ ಅಕ್ಕಿ ಡಬ್ಬಿಯ ತಳ ಅಲ್ಲಿಗೆ ಮುಟ್ಟಿತು.

"ಗಂಡಸರ ಕಡೆ ಐದೂವರೆ!"

ಮುಗಿಯಿತು ಎಂದು ನಾನು ಕೈ ಇಳಿಸಿದೆ. ಕುಂದೂರಿನ ಮದುವೆ, ಮುನ್ನೂರು ಸನ್ನ, ಚಪ್ಪಟೆ ಮುಚ್ಚಳದ ಡಬರಿ, ಎಲ್ಲ ಕಣ್ಣೆದುರು ಬಂದವು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಧ್ವನಿ ಎದ್ದಿತು. ಅದಕ್ಕೆ ಮೈಕು ಬೇಕಿರಲಿಲ್ಲ.

"ಏ ಸಿರಿಲಾ, ನಿಲ್ಸೋ ಮಾರಾಯ! ಗಂಡ ಹೆಂಡ್ತಿ ಇಬ್ರೂ ಜಿದ್ದಿಗೆ ಬಿದ್ದವ್ರೆ, ನಿಂಗೆ ಕಣ್ಣು ಕಾಣಾಕಿಲ್ವಾ?"

ನಾನು ಎದ್ದು ಕಂಬದ ಆಚೆ ಇಣುಕಿದೆ. ಅಲ್ಲಿ ನಮ್ಮ ಯಜಮಾನರು ಕೈ ಎತ್ತಿ ನಿಂತು, ಕಂಬದ ಈಚೆ ಇಣುಕುತ್ತಿದ್ದರು. ಸಭಾಭವನವೇ ಬಿದ್ದು ನಕ್ಕಿತು. ಮೆಣಸು ಮಾರಿದ ದುಡ್ಡು ಜೇಬಿನಲ್ಲಿಟ್ಟುಕೊಂಡು, ವಾರವೆಲ್ಲ ನಿಟ್ಟುಸಿರು ಬಿಟ್ಟ ಹೆಂಡತಿಗೆ ಗುಟ್ಟಾಗಿ ಪಾತ್ರೆ ಕೊಡಿಸಲು ಬಂದಿದ್ದರು ಪಾಪ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನಗೆ ಗುಟ್ಟಾಗಿ ಕೊಡಿಸಲು ಹೊರಟ ಮೊದಲ ವಸ್ತು ಅದು. ನಾನೇ ಬೆಲೆ ಏರಿಸುತ್ತಿದ್ದೆ.

"ಗೊತ್ತಿತ್ತು ಕಾರ್ಮಿನ್ ಬಾಯಿ," ಎಂದ ಸಿರಿಲ್ ನಾಚಿಕೆಯಿಲ್ಲದೆ. "ದೇವರ ಕೆಲ್ಸದಾಗೆ ಗಂಡ ಹೆಂಡ್ತಿ ಅಂತ ನೋಡಕಾಯ್ತದಾ?"

"ಹಂಗಾರೆ ನಂದೂ ಒಂದು ಕೂಗು ಐತೆ," ಎಂದರು ಕಾರ್ಮಿನ್ ಬಾಯಿ.

"ಎಷ್ಟು?"

"ಒಂದು ಕುಂಬ್ಳಕಾಯಿ."

ನಗು ಇನ್ನಷ್ಟು ಏರಬೇಕಿತ್ತು, ಏರಲಿಲ್ಲ. ಅವರ ಧ್ವನಿ ನಡುಗುತ್ತಿತ್ತು. ಸೆರಗಿನ ಮರೆಯಿಂದ ನಿಜಕ್ಕೂ ಒಂದು ಕುಂಬಳಕಾಯಿ ಹೊರಬಂತು. ಕಾಗದ ನೋಡಿ ಹಬ್ಬದ ದಿನ ಮನೆಯಲ್ಲೇ ಬಿಟ್ಟಿದ್ದ ಕಾಯಿ ಅದು. "ಆ ಪಾತ್ರೆ ನಾನು ಕೊಟ್ಟಿದ್ದಲ್ಲ ಫಾದರ್. ಕೆಸರಾಯ್ತದೆ ಅಂತ ಮೇಜಿನ ಮ್ಯಾಲೆ ಮಡಗಿದ್ದೆ. ನನ್ನ ಹೆಸರು ಕೂಗಿದ್ರು, ಖುಸಿ ಆಗೋಯ್ತು, ಬಾಯಿ ಮುಚ್ಕಂಡು ಕೂತ್ಬುಟ್ಟೆ. ಅದು ನನ್ನ ತಪ್ಪು. ಈಗ ನನ್ನ ದೆಸೆಯಿಂದ ಈ ಅಮ್ಮ ಮನೆ ಡಬ್ಬಿ ಖಾಲಿ ಮಾಡ್ಕತಾವ್ರೆ. ದೇವ್ರಿಗೆ ಅಂತ ನಾನು ಬೆಳೆದಿದ್ದು ಇದು. ಇದನ್ನ ತಕಂಡು ಅದನ್ನ ಕೊಡಂಗಿದ್ರೆ ಕೊಡಿ."

ನಾನು ಕಂಬ ದಾಟಿ ಮುಂದೆ ಹೋದೆ. "ತಪ್ಪು ಕಾರ್ಮಿನ್ ಬಾಯಿಯದ್ದಲ್ಲ. ಕುಂಬಳಕಾಯಿ ಬೇಡ ಎಂದು ಬರೆದವಳು ನಾನು. ಬಿಲ್ಲೆ ಕಟ್ಟಿದವಳೂ ನಾನು, ಕೇಳದೆ ಹೆಸರು ಕೂಗಿದವಳೂ ನಾನು," ಎಂದೆ.

ಫಾದರ್ ಕನ್ನಡಕ ಒರೆಸಿಕೊಂಡರು. ಆಮೇಲೆ ಬಹಳ ಗಂಭೀರವಾಗಿ ಸಿರಿಲನ ಕಡೆ ತಿರುಗಿ, "ಕುಂಬಳಕಾಯಿಗಿಂತ ಹೆಚ್ಚಿಗೆ ಕೂಗುವವರು ಯಾರಾದರೂ ಇದ್ದಾರಾ ಕೇಳಪ್ಪ," ಎಂದರು.

"ಒಂದು ಸರಿ," ಎಂದ ಸಿರಿಲ್. ಅವನ ಧ್ವನಿಯೂ ಎಂದಿನಂತಿರಲಿಲ್ಲ. "ಎರಡು ಸರಿ..."

ಹಿಲ್ಡಾ ಮೇಡಂ ಕೈ ಮೇಲೆದ್ದಿತು.

"ಪಾತ್ರೆ ಬೇಡ," ಎಂದರು ಮೇಡಂ. "ಆ ಕುಂಬಳಕಾಯಿಗೆ ನಂದು ಎರಡು ಸಾವಿರ. ತಿರುಗಿ ದೇವರಿಗೆ."

"ಮೂರು ಸರಿ!" ಎಂದು ಸಿರಿಲ್ ಮೇಜು ಬಡಿದ ಹೊಡೆತಕ್ಕೆ ಹೊಸ ಮೈಕು ಕಿರುಚಿಕೊಂಡಿತು.

ಅಂದು ಆ ಕುಂಬಳಕಾಯಿ ಸಭಾಭವನದಲ್ಲಿ ಎಷ್ಟು ಸುತ್ತು ಹೊಡೆಯಿತೋ ನಾನು ಎಣಿಸಲಿಲ್ಲ. ಲೈನಿನ ಹೆಂಗಸರು ನಾಲ್ಕು ಜನ ಸೇರಿ ಇನ್ನೂರು ರೂಪಾಯಿಗೆ ಒಂದು ಸಲ ಕೊಂಡು, ತಿರುಗಿ ದೇವರಿಗೆ ಎಂದರು. ಅವರ ನಾಲ್ಕೂ ಹೆಸರನ್ನು ಸಿರಿಲ್ ಮೈಕಿನಲ್ಲಿ ಬಿಡಿಬಿಡಿಯಾಗಿ ಕೂಗಿದ. ಕೊನೆಗೆ ಕಾಯಿ ನಮ್ಮ ಮನೆಗೇ ಬಂತು. ಯಜಮಾನರು ಮೆಣಸಿನ ದುಡ್ಡಿನಲ್ಲಿ ಕೊಂಡರು, ಈ ಸಲ ನಾನು ಎದುರು ಕೂಗಲಿಲ್ಲ. ಒಂದು ವಾರ ಪಲ್ಯ, ಸಾರು, ಪಾಯಸ ಎಲ್ಲ ಕುಂಬಳಕಾಯಿಯದೇ. "ಇದಕ್ಕಿಂತ ತಾಮ್ರದ ಪಾತ್ರೆಯೇ ಜೀರ್ಣ ಆಗ್ತಿತ್ತು," ಎಂದರು ಅವರು ಆರನೇ ದಿನ.

ಕುಂದೂರಿನ ಮದುವೆಯ ಸನ್ನಗಳು ಉಬ್ಬಿ ನಕ್ಕವು. ನಾನು ಬಿಲ್ಲೆ ಬಿಚ್ಚಿ ತೆಗೆಯಲು ಹೋದಾಗ ಕಾರ್ಮಿನ್ ಬಾಯಿ ಬಿಡಲಿಲ್ಲ. "ಇರ್ಲಿ ಬುಡಿ, ಹಬೆ ಬಂದಾಗ ಅಲ್ಲಾಡ್ತದೆ, ನಾನು ಒಲೆ ಮುಂದೆ ಕಾಯೋದು ತಪ್ಪತದೆ," ಎಂದರು. ಅಕ್ಕಿ ಡಬ್ಬಿಯಲ್ಲಿ ಉಳಿದ ದುಡ್ಡಿಗೆ ಮಿಕ್ಸಿ ಬರಲೇ ಇಲ್ಲ, ಯಾವುದೋ ಕಾಯಿಲೆಗೆ, ಯಾವುದೋ ಮದುವೆಗೆ ಹೋಯಿತು. ಹಳೆಯದು ಇನ್ನೂ ಇದೆ. ಅದರ ಮುಚ್ಚಳ ಒತ್ತಿ ಹಿಡಿಯಲು ನನಗಿನ್ನೂ ಎರಡು ಕೈ ಗಟ್ಟಿಯಿವೆ ಎಂಬುದೂ ಒಂದು ಸಣ್ಣ ದಯೆಯೇ.

ಮೊನ್ನೆ ಶನಿವಾರ ನೂರ ಇಪ್ಪತ್ತು ಸನ್ನ ಮುಗಿಸಿ, ನಾಲ್ಕನ್ನು ನಮ್ಮ ತಟ್ಟೆಗೆ ಹಾಕಿ ಕಾರ್ಮಿನ್ ಬಾಯಿ ಹೋದರು. ಮರುದಿನ ಪೂಜೆಗೆ ಹೋದೆ. ಏಪ್ರಿಲ್ ಬಿಸಿಲಿಗೆ ಶೀಟು ಕಾದು ಒಳಗೆಲ್ಲ ಉರಿಯುತ್ತಿತ್ತು. ನಮ್ಮ ಫ್ಯಾನಿನ ಕೆಳಗಿನ ಬೆಂಚಿನಲ್ಲಿ, ಗುಡಿಸಿ ದಣಿದ ಕಾರ್ಮಿನ್ ಬಾಯಿ ಸೆರಗಿನ ತುದಿಯಿಂದ ಕುತ್ತಿಗೆಗೆ ಗಾಳಿ ಹಾಕಿಕೊಳ್ಳುತ್ತಿದ್ದರು. ತಲೆಯ ಮೇಲೆ 'ದಿವಂಗತ' ಹೋಯಿತು, 'ಪಾಸ್ಕಲರ' ಬಂತು, 'ಸ್ಮರಣಾರ್ಥ' ನಿಧಾನವಾಗಿ ಸುತ್ತಿಕೊಂಡು ಹಿಂದೆ ಬಂತು. ಅವರು ಎಷ್ಟು ವರ್ಷದಿಂದ ಅಲ್ಲೇ ಕೂತು ಹಾಗೆ ಸೆರಗು ಬೀಸಿಕೊಳ್ಳುತ್ತಿದ್ದಾರೋ, ನಾನು ಅಷ್ಟೂ ವರ್ಷ ಮೇಲೆ ನೋಡುತ್ತಾ ಕೂತಿದ್ದೆ.

ಫಾದರ್ ಪ್ರಸಂಗ ಶುರು ಮಾಡುವ ಮೊದಲು ನಾನು ಜಪಸರ ಹಿಡಿದುಕೊಂಡೇ ಎದ್ದು ಹೋದೆ. ಅತ್ತೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿದೆ. ಫ್ಯಾನು ಒಮ್ಮೆ ನಡುಗಿತು, ಧೂಳು ಉದುರಿಸಿತು, ಆಮೇಲೆ ಬಿರಬಿರನೆ ತಿರುಗಿತು. ನಮ್ಮ ಮಾವನವರ ಹೆಸರು ಮಾಯವಾಗಿ ಒಂದು ಕೆಂಪು ವೃತ್ತ ಮಾತ್ರ ಉಳಿಯಿತು. ಕಾರ್ಮಿನ್ ಬಾಯಿಯ ಸೆರಗು ಹಾರಿತು. ಅವರು ಮೇಲೆ ನೋಡಿ, ಆಮೇಲೆ ನನ್ನನ್ನು ನೋಡಿ, ಪಕ್ಕದವರಿಗೆ ಕೇಳುವ ಹಾಗೇ ಹೇಳಿದರು.

"ಅಬ್ಬಾ, ಈಗ ನೋಡಿ ಪಾಸ್ಕಲ್ ಅಯ್ನೋರು ನೆನಪಾದ್ರು!"